ಬಿರುಕು ಬಿಟ್ಟ ಒಂಟೆ

"ನಿಮ್ಮದು ಸ್ವಲ್ಪ ಜಾಸ್ತಿಯಾಯ್ತು," ಎಂದ ಪ್ರೆಸ್ಸಿನವನು.

ಕೆತ್ತನೆಯವಳಿಗೆ ಸರ್ರನೆ ಸಿಟ್ಟು ಬಂತು. "ಏನ್ರೀ ಜಾಸ್ತಿಯಾಗಿದ್ದು? ಒಳಗೆ ಬಂದು ಇನ್ನೂ ಸರಿಯಾಗಿ ಬಾಯೇ ಬಿಟ್ಟಿಲ್ಲ ನಾನು!"

ಅವನು ಗಾಬರಿಯಾಗಿ ಕೈಯಲ್ಲಿದ್ದ ಮರದ ತುಂಡನ್ನು ಮೇಲೆತ್ತಿ ತೋರಿಸಿದ. "ಎತ್ತರ... ಬ್ಲಾಕಿನ ಎತ್ತರ ಅಂದೆ."

ಒಳಕೋಣೆಯಲ್ಲಿ ಪುಸ್ತಕ ಹೊಲಿಯುತ್ತಿದ್ದ ಅವನ ಅಕ್ಕ ಕಿಸಕ್ಕನೆ ನಕ್ಕಳು.

ಆ ಬ್ಲಾಕಿನ ಮೇಲಿದ್ದದ್ದು ಒಂದು ಆಮೆ. ಬಡಗಿ ಅಪ್ಪ ಮಾಡುವ ಬಾಗಿಲುಗಳಿಗೆ ಹೂಬಳ್ಳಿ ಕೆತ್ತಿ ಕೈ ಪಳಗಿದವಳು ಅವಳು. ಅವಳ ಉಳಿ ಕೆಲಸದಲ್ಲಿ ಇದುವರೆಗೆ ಯಾರೂ ಕೊಂಕು ತೆಗೆದಿರಲಿಲ್ಲ. ಅದಕ್ಕೇ ನಿವೃತ್ತ ಹೆಡ್‌ಮಿಸ್ಸು ತಾವು ಬರೆದ ಮಕ್ಕಳ ಪದ್ಯಗಳಿಗೆ ಪ್ರಾಣಿಗಳ ಚಿತ್ರ ಕೆತ್ತಲು ಅವಳನ್ನೇ ಹಿಡಿದಿದ್ದರು. ಈ ಪ್ರೆಸ್ಸೋ, ಅಕ್ಷರ ಬಿಟ್ಟರೆ ಬೇರೇನನ್ನೂ ಅಚ್ಚು ಹಾಕಿದ್ದಲ್ಲ.

"ಇಲ್ಲಿ ಬೆರಳಿಡಿ," ಎಂದ ಅವನು. ಜೋಡಿಸಿಟ್ಟ ಸೀಸದ ಅಕ್ಷರಗಳ ಪಕ್ಕದಲ್ಲಿ ಆಮೆ ಕೂತಿತ್ತು. "ಅಕ್ಷರದಿಂದ ಆಮೆ ಕಡೆ ಮೆಲ್ಲಗೆ ಸವರಿ. ಎಲ್ಲೂ ಎಡವಬಾರದು."

ಅವಳ ಬೆರಳು ಎಡವಿತು. ಬರೀ ಒಂದು ಕಾಗದದಷ್ಟು.

"ಇಷ್ಟಕ್ಕೇನಾ?"

"ಇಷ್ಟಿದ್ರೆ ಆಮೆ ಮಾತ್ರ ಕಾಣುತ್ತೆ, ಅಕ್ಷರಕ್ಕೆ ಮಸೀನೇ ಹತ್ತಲ್ಲ. ಪಕ್ಕದಲ್ಲಿರೋರ ಮಟ್ಟಕ್ಕೆ ಸ್ವಲ್ಪ ಇಳೀಬೇಕಾಗುತ್ತೆ."

"ಅಕ್ಷರಗಳೇ ಏರಲಿ!" ಎಂದಳು ಗತ್ತಿನಿಂದ. ಆದರೂ ಮರಳುಕಾಗದ ತೆಗೆದುಕೊಂಡು ಅಲ್ಲೇ ಕೂತು ಆಮೆಯ ತಳ ಉಜ್ಜಿದಳು. ಅವನು ನೋಡುತ್ತಿದ್ದ. ತಾನು ನೋಡುತ್ತಿರುವುದು ಅವಳಿಗೆ ಗೊತ್ತಿಲ್ಲ ಎಂದುಕೊಂಡಿದ್ದ, ಪಾಪ.

ಆಮೆಯ ಹಿಂದೆ ಗೂಬೆ ಬಂತು, ಮೊಲ ಬಂತು, ದಪ್ಪ ಹೊಟ್ಟೆಯ ತಿಮಿಂಗಿಲ ಬಂತು. ಬ್ಲಾಕು ಹೆಚ್ಚಿದ್ದರೆ ಅವಳು ಉಜ್ಜುವಳು, ತಗ್ಗಿದ್ದರೆ ಅವನು ಅಡಿಗೆ ತೆಳು ಕಾಗದ ಅಂಟಿಸುವನು. ಆಮೇಲೆ ಇಬ್ಬರೂ ಬೆರಳಾಡಿಸಿ ನೋಡುವರು, ಅವನು ಅಕ್ಷರದ ಕಡೆಯಿಂದ, ಅವಳು ಚಿತ್ರದ ಕಡೆಯಿಂದ. ನಡುವೆ ಎಲ್ಲೋ ಒಂದು ಕಡೆ ಬೆರಳುಗಳು ತಾಕುವವು. ಮೊದಮೊದಲು ಅವನು ಬಿಸಿ ತಾಕಿದವನಂತೆ ಕೈ ಎಳೆದುಕೊಳ್ಳುತ್ತಿದ್ದ. ತಿಮಿಂಗಿಲದ ಹೊತ್ತಿಗೆ ಎಳೆದುಕೊಳ್ಳುವುದನ್ನು ಮರೆತಿದ್ದ.

"ಇಡೀ ದಿನ ಅಕ್ಷರಾನ ತಿರುಗಾಮುರುಗಾ ಓದ್ತೀರಲ್ಲ," ಎಂದು ಒಮ್ಮೆ ಕೆಣಕಿದಳು. "ಮನುಷ್ಯರ ಮುಖ ಹೇಗೆ ಕಾಣುತ್ತೆ?"

"ಎಲ್ಲರದ್ದೂ ನೆಟ್ಟಗೇ ಕಾಣುತ್ತೆ. ನಿಮ್ಮದು ಮಾತ್ರ ನೋಡೋಕೆ ಹೋದ್ರೆ ಏನು ನೋಡ್ತಿದ್ದೆ ಅನ್ನೋದೇ ಮರೆತುಹೋಗುತ್ತೆ."

ಒಳಗಿನಿಂದ ಅಕ್ಕ ಕೆಮ್ಮಿದಳು. ಅವನು ಕಿವಿಯವರೆಗೂ ಕೆಂಪಾಗಿ ರೋಲರ್ ಒರೆಸಲು ಹೋದ. ಅದು ಒರೆಸಿಯೇ ಇತ್ತು.

ಒಂಟೆಯ ಬ್ಲಾಕು ಕೊಟ್ಟುಹೋದ ಮಾರನೆಯ ದಿನ ಅಕ್ಕನೇ ಫೋನ್ ಮಾಡಿದಳು.

"ಅಚ್ಚು ಹಾಕ್ತಿದ್ದ ಹಾಗೇ ಒಂಟೆ ಕತ್ತಿನಿಂದ ಬಾಲದವರೆಗೆ ಬಿರುಕು ಬಿಡ್ತು ಕಣೇ. ಹೆಡ್‌ಮಿಸ್ಸು ಇಲ್ಲೇ ನಿಂತಿದ್ರು. ನಮ್ಮ ಮಹಾರಾಯ, ನಾನೇ ಮೆಷಿನ್ ಜಾಸ್ತಿ ಬಿಗಿ ಮಾಡಿದ್ದು ಅಂದುಬಿಟ್ಟ. ಅವರು ಬೈದು, ಪುಸ್ತಕ ಬೇರೆ ಪ್ರೆಸ್ಸಿಗೆ ಕೊಡ್ತೀನಿ ಅಂತ ಕಾಗದ ಎಲ್ಲಾ ಎತ್ತಿಕೊಂಡು ಹೊರಟ್ರು. ಬೆಳಗ್ಗೆಯಿಂದ ಒಂದು ತುತ್ತು ತಿಂದಿಲ್ಲ ಅವನು."

ಕೆತ್ತನೆಯವಳು ಮೊದಲು ಹೋದದ್ದು ಪ್ರೆಸ್ಸಿಗಲ್ಲ, ಹೆಡ್‌ಮಿಸ್ಸಿನ ಮನೆಗೆ. ಅಲ್ಲಿಂದ ಕಾಗದದ ಕಟ್ಟು ಬಗಲಲ್ಲಿಟ್ಟುಕೊಂಡು ಸೀದಾ ಪ್ರೆಸ್ಸಿಗೆ ಬಂದಳು. ಬಂದವಳೇ ಕಟ್ಟನ್ನು ಮೇಜಿನ ಮೇಲೆ ಧೊಪ್ಪನೆ ಹಾಕಿದಳು.

"ನನ್ನ ತಪ್ಪು ನಿಮ್ಮ ತಲೆ ಮೇಲೆ ಹೊತ್ಕೊಳ್ಳಿ ಅಂತ ಯಾರ್ರೀ ಹೇಳಿದ್ದು?"

ಅವನು ಎದ್ದು ನಿಂತ. "ಬ್ಲಾಕ್ ಸರಿಯಿರಲಿಲ್ಲ ಅಂದಿದ್ರೆ ಚಿತ್ರಾನೇ ಬೇಡ ಅಂತಿದ್ರು ಅವರು."

"ಅಂದ್ರೆ ಅನ್ನಲಿ!"

"ಚಿತ್ರ ಬೇಡ ಅಂದ್ರೆ ನೀವು ಬರ್ತಿರಲಿಲ್ಲ." ಅವನ ದನಿ ಸಣ್ಣದಾಯಿತು. "ಒಂದಿಷ್ಟು ಬೈಸಿಕೊಂಡ್ರೆ ಮುಗಿಯುತ್ತೆ ಅಂದ್ಕೊಂಡೆ. ಪುಸ್ತಕಾನೇ ಎತ್ಕೊಂಡು ಹೋಗ್ತಾರೆ ಅಂತ ನಾನೇನು ಕನಸು ಕಂಡಿದ್ನಾ?"

ಬರುವ ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಬೈಗುಳವೆಲ್ಲ ಅವಳ ನಾಲಗೆಯ ತುದಿಯಲ್ಲೇ ಕರಗಿಹೋಯಿತು. ಅಳುಕುವ ಜಾತಿಯವಳಲ್ಲ ಅವಳು. ಒಡೆದ ಒಂಟೆಯನ್ನು ಕೈಗೆತ್ತಿಕೊಂಡು ಬಿರುಕಿನ ಮೇಲೆ ಹೆಬ್ಬೆರಳು ಓಡಿಸಿದಳು.

"ಹಲಗೆ ಹಸಿ ಇತ್ತು. ಹೆಡ್‌ಮಿಸ್ ಹತ್ರ ಒಪ್ಕೊಂಡು ಬಂದೆ. ಪುಸ್ತಕ ಇಲ್ಲೇ ಆಗುತ್ತೆ."

"ಹಸಿ ಅಂತ ನಿಮಗೆ ಗೊತ್ತಾಗಲಿಲ್ವಾ?"

"ಬಡಗಿ ಮಗಳು ನಾನು. ಗೊತ್ತಾಗದೆ ಏನು? ಒಣಗೋಕೆ ಇನ್ನೂ ಹದಿನೈದು ದಿನ ಬೇಕು ಅಂದ್ರು ಅಪ್ಪ." ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು. "ಅಷ್ಟು ದಿನ ಇಲ್ಲಿಗೆ ಬರದೆ ಇರೋಕೆ ನನ್ನ ಕೈಲಿ ಆಗಲಿಲ್ಲ. ಅದಕ್ಕೇ ಕೆತ್ತಿಬಿಟ್ಟೆ."

ಒಳಕೋಣೆಯಲ್ಲಿ ಸೂಜಿಯ ಸದ್ದೂ ನಿಂತುಹೋಗಿತ್ತು.

ಅವನು ಒಂದು ಹೆಜ್ಜೆ ಮುಂದೆ ಬಂದ. ಕೈ ಚಾಚಿದ, ಮಸಿ ಕಂಡು ಹಿಂದೆಗೆದ. ಅವಳೇ ಆ ಕೈಯನ್ನು ಎಳೆದು ಹಿಡಿದುಕೊಂಡಳು.

"ಮಸಿ ಆಗುತ್ತೆ..."

"ಆಗಲಿ ಬಿಡಿ. ಈಗ ಕೇಳಿ. ನಮ್ಮಪ್ಪನ ಹತ್ರ ನಾನು ಮಾತಾಡ್ತೀನಿ. ನಿಮ್ಮಕ್ಕನ ಹತ್ರ ನೀವು ಮಾತಾಡಿ."

"ಅಕ್ಕನಿಗೇನು ಕಿವಿ ಇಲ್ವಾ?" ಎಂದಿತು ಒಳಗಿನ ದನಿ. "ನನ್ನ ಒಪ್ಪಿಗೆ ಆಮೆ ಬಂದ ದಿನಾನೇ ಆಯ್ತು. ಅವನನ್ನ ಕೇಳು, ಮೊದಲು ಊಟ ಮಾಡ್ತಾನಾ ಅಂತ."

"ಮಾಡ್ತೀನಿ," ಎಂದ ಅವನು, ಅವಳಿಂದ ಕಣ್ಣು ಕೀಳದೆ. "ನೀನೂ ಕೂತ್ಕೊಂಡ್ರೆ."

ಆ 'ನೀನು' ಕೇಳಿ, ಅಷ್ಟು ಹೊತ್ತು ಜೋರಾಗಿದ್ದವಳು ಮೊದಲ ಸಲ ನೆಲ ನೋಡಿದಳು.

ಹೊಸ ಹಲಗೆ ಒಣಗುವವರೆಗೂ ಈ ಸಲ ಕಾದಳು. ಕಾಯುವುದೇನೂ ಕಷ್ಟವಾಗಲಿಲ್ಲ, ಏಕೆಂದರೆ ಹಲಗೆಯನ್ನು ಒಣಗಲು ಇಟ್ಟದ್ದೇ ಪ್ರೆಸ್ಸಿನ ಕಿಟಕಿಯಲ್ಲಿ. ಒಣಗಿದೆಯೋ ಇಲ್ಲವೋ ಎಂದು ದಿನಾ ಬಂದು ನೋಡಬೇಡವೇ?

ಒಂಟೆ ಅಚ್ಚಾದ ದಿನ ಹೆಡ್‌ಮಿಸ್ಸು ಬಂದರು. ಹಾಳೆಯನ್ನು ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ ಇಳಿಸಿ ನೋಡಿದರು. ಅಕ್ಷರ ಕಪ್ಪಗೆ, ಒಂಟೆಯೂ ಅಷ್ಟೇ ಕಪ್ಪಗೆ ಮೂಡಿತ್ತು. ಆದರೂ ಹುಬ್ಬು ಗಂಟಾಯಿತು.

"ಇದೇನಿದು, ಹಲ್ಲು ಕಿರೀತಿದೆ? ಒಂಟೆ ಎಲ್ಲಾದ್ರೂ ನಗುತ್ತೇನ್ರೀ?"

ಕೆತ್ತನೆಯವಳು ಬಾಯಿ ತೆರೆಯುವ ಮೊದಲೇ ಅವನು ಹೇಳಿದ, ಒಂದಿಷ್ಟೂ ತಡವರಿಸದೆ:

"ಬೇರೆಯವರದ್ದು ಗೊತ್ತಿಲ್ಲ ಮಿಸ್. ನಮ್ಮನೇದು ನಗುತ್ತೆ."