ಅರಕಲಗೂಡು ಬಸ್ಸಿಗೆ ಕಾಯುವವರು

"ಮೂರು ದಿನದಿಂದ ನಮ್ಮನೆ ಮುಂದೆ ನಿಂತ್ಕೊಂಡು ಏನ್ರೀ ಎಣಿಸ್ತಿದ್ದೀರಾ?"

ಮರುದೇವಿ ಗದರಿದ ರಭಸಕ್ಕೆ ಆ ಮನುಷ್ಯ ಬೆಚ್ಚಿಬಿದ್ದ.

"ಜನಾನ ಕಣ್ರೀ! ರೈಲಿಳಿದು ಈ ಕಡೆ ಎಷ್ಟು ಜನ ಬತ್ತಾರೆ ಅಂತ... ನಾನು ಆದಿರಾಜಯ್ಯ. ಚನ್ನರಾಯಪಟ್ಟಣದಲ್ಲಿ ನಮ್ಮ ಹೋಟ್ಲಿದೆ. ಇಲ್ಲೂ ಒಂದು ಬ್ರಾಂಚ್ ಮಾಡೋಣಾಂತ. ನಿಮ್ಮನೆ ಮುಂಭಾಗ ಬಾಡಿಗೆಗೆ ಸಿಗುತ್ತಾ?"

ಅದು ೧೯೬೧ರ ಹೊಳೆನರಸೀಪುರ. ಮರುದೇವಿ ಮಿಡ್ಲ್ ಸ್ಕೂಲಿನಲ್ಲಿ ಟೀಚರು. ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುವುದರಲ್ಲೇ ಮದುವೆಯ ವಯಸ್ಸು ದಾಟಿತ್ತು. ಅಪ್ಪ ತೀರಿಕೊಂಡ ಮೇಲೆ ಭಾನುವಾರಗಳೆಂದರೆ ಅವಳಿಗೆ ಭಯ. ಬೆಳಗಿನಿಂದ ಸಂಜೆವರೆಗೆ ತನ್ನ ದನಿಯೇ ತನಗೆ ಕೇಳುತ್ತಿರಲಿಲ್ಲ!

ಯೋಚಿಸಿ ಹೇಳುತ್ತೇನೆ ಎಂದಳು. ಆದಿರಾಜಯ್ಯ ವಾರವಾರ ಬಂದ. ಜಗಲಿಯಲ್ಲಿ ಕೂತು ಒಲೆ ಎಲ್ಲಿ, ಬೆಂಚು ಎಲ್ಲಿ ಎಂದು ಚರ್ಚಿಸಿದ. ಹೆಂಡತಿ ತೀರಿಹೋಗಿ ಆರು ವರ್ಷವಾಯಿತೆಂದು ಒಂದು ದಿನ ಮೆಲ್ಲಗೆ ಹೇಳಿದ.

'ಹೂಂ ಅಂದರೆ ದಿನವೂ ಇಲ್ಲೇ ಇರುತ್ತಾನೆ... ಆದರೆ ಅವನ ವ್ಯಾಪಾರ ಇಲ್ಲಿ ನಡೆಯುತ್ತಾ?'

"ಇಲ್ಲಿ ಬೇಡ ಕಣ್ರೀ," ಎಂದಳು ಕೊನೆಗೆ. "ರೈಲಿಳಿದೋರಿಗೆ ಮನೆ ಸೇರೋ ಆತುರ. ಬಸ್ ಸ್ಟ್ಯಾಂಡ್ ಹತ್ರ ಮಾಡಿ. ಅರಕಲಗೂಡು ಬಸ್ಸಿಗೆ ಕಾಯೋರು ಗಂಟೆಗಟ್ಟಲೆ ಕೂತಿರ್ತಾರೆ, ಪಾಪ."

ಅವನ ಮುಖ ಬಾಡಿತು. "ಹಂಗೇ ಆಗ್ಲಿ," ಎಂದು ಎದ್ದು ಹೋದ.

ಬಸ್ ಸ್ಟ್ಯಾಂಡಿನೆದುರು ಹೋಟೆಲ್ ಶುರುವಾಯಿತು. ಕೂರಲು ಜಾಗ ಸಿಗದಷ್ಟು ಜನ! ಅವನು ಮಾತ್ರ ಮತ್ತೆ ಮನೆಯ ಕಡೆ ಬರಲಿಲ್ಲ. ಸ್ಕೂಲಿಗೆ ಹೋಗುವ ಅವಳನ್ನು ಕಂಡರೆ ಗಲ್ಲಾದಲ್ಲೇ ತಲೆ ತಗ್ಗಿಸುತ್ತಿದ್ದ.

'ಅವನಿಗೆ ಬೇಕಿದ್ದದ್ದು ಜಾಗವಷ್ಟೇ...'

ಎರಡು ತಿಂಗಳು ಹೀಗೇ ಅಂದುಕೊಂಡಳು. ಒಂದು ಭಾನುವಾರ ಮಧ್ಯಾಹ್ನ ಒಬ್ಬಳಿಗೋಸ್ಕರ ಒಲೆ ಹಚ್ಚಲು ಮನಸ್ಸೇ ಬರಲಿಲ್ಲ. ಸೆರಗು ಹೊದ್ದು ಹೊರಟೇಬಿಟ್ಟಳು.

ಹೆಂಗಸೊಬ್ಬಳು ಒಂಟಿಯಾಗಿ ಹೋಟೆಲ್ ಮೆಟ್ಟಿಲು ಹತ್ತುವುದೆಂದರೆ! ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ಆದಿರಾಜಯ್ಯ ತಡಬಡಿಸಿ ಎದ್ದು ನಿಂತ.

"ನಮ್ಮನೆ ದಾರಿ ಮರೆತೋಯ್ತಾ?" ಅವಳು ನೇರ ಗಲ್ಲಾದ ಮುಂದೆ ನಿಂತು ಕೇಳಿದಳು.

"ನೀವೇ ಬೇಡ ಅಂದ್ರಲ್ಲ... ನಾನು ದಿನಾ ಕಣ್ಮುಂದೆ ಇರೋದು ನಿಮಗಿಷ್ಟ ಇಲ್ಲ ಅಂದ್ಕೊಂಡೆ."

"ಬೇಡ ಅಂದದ್ದು ಹೋಟ್ಲಿಗೆ ಕಣ್ರೀ... ನಿಮಗಲ್ಲ!"

ಅವನ ಕಣ್ಣು ತುಂಬಿತು. ಯಾರಿಗೂ ಕೇಳದಂತೆ ಹತ್ತಿರ ಬಾಗಿದ.

"ನಮ್ಮಮ್ಮನ್ನ ಕರ್ಕೊಂಡು ಹೆಣ್ಣು ಕೇಳೋಕೆ ಬತ್ತೀನಿ. ನಿಮ್ಮ ಕಡೆ ಯಾರನ್ನ ಕೇಳ್ಬೇಕು?"

"ನನಗ್ಯಾರಿದ್ದಾರೆ?... ನನ್ನನ್ನೇ ಕೇಳಿ."

"ಕೇಳ್ದೆ."

"ಹೂಂ ಅಂದೆ," ಎಂದಳು ಮರುದೇವಿ.