ದೊಡ್ಡದಾದ ದೀಪ

ಏಳು ಸುತ್ತಿನ ಕೋಟೆಯ ಮಣಿಕೂಟಪುರದಲ್ಲಿ ಅಂದು ಮುಂಜಾವದಿಂದಲೇ ನಗಾರಿ ಮೊಳಗುತ್ತಿತ್ತು. ಹೂವಾಡಿಗರ ಬೀದಿಯಲ್ಲಿ ಸೇವಂತಿಗೆಯ ರಾಶಿ, ಲಾಯದ ಮುಂದೆ ಕುದುರೆ ವ್ಯಾಪಾರಿಗಳ ಗದ್ದಲ, ರಾಜಾಂಗಣದ ನಡುವೆ ಶಿರಚ್ಛೇದಕ್ಕೆಂದು ಹಾಸಿದ ಹೊಸ ಮರಳು. ಇದೆಲ್ಲವನ್ನೂ ನೋಡುತ್ತ ಮಹಾಪ್ರಧಾನ ತಿಪ್ಪರಸರು ಮೆಟ್ಟಿಲು ಹತ್ತುತ್ತಿದ್ದರು. ಎಪ್ಪತ್ತು ವರ್ಷದ ಮೊಣಕಾಲು, ನಲವತ್ತು ವರ್ಷದ ಅಧಿಕಾರ, ಎರಡೂ ನೋಯುತ್ತಿದ್ದವು. ಸಾಕಪ್ಪಾ ಸಾಕು ಎನ್ನಿಸಿತ್ತು ಅವರಿಗೆ.

ಮರಳು ಹಾಸಿದ್ದು ಗಡಿದುರ್ಗದ ನಾಯಕ ಬೊಮ್ಮಣ್ಣನಿಗಾಗಿ. ಶತ್ರುಸೇನೆ ಕಣಿವೆಗಿಳಿದ ಸಂಜೆ ಅವನು ಕೋಟೆಬಾಗಿಲ ದೇವಿಯ ನಂದಾದೀಪದ 'ಜ್ವಾಲೆಯನ್ನು ವರ್ಧಿಸಲು' ಆಜ್ಞಾಪಿಸಿ ವೈರಿಗೆ ದಾರಿ ತೋರಿದನೆಂದು ಅರಸರ ಭಾವಮೈದುನ ಚೆಂದುಗಿದೇವನ ದೂರು. ದುರ್ಗವೇನೋ ಉಳಿದಿತ್ತು, ಅದರ ಒಡೆತನದ ಮೇಲೆ ಚೆಂದುಗಿದೇವನ ಕಣ್ಣಿತ್ತು. "ದೀಪದ ಆಜ್ಞೆ ನಿನ್ನದೇ?" ಎಂದು ಹಿಂದಿನ ದಿನ ಸಭೆ ಕೇಳಿದಾಗ ಬೊಮ್ಮಣ್ಣ, "ನನ್ನದೇ, ತಪ್ಪಾಯಿತು" ಎಂದ. ವಿಚಾರಣೆ ಅಷ್ಟಕ್ಕೇ ಮುಗಿಯಿತು. ದಣಿದಿದ್ದ ತಿಪ್ಪರಸರೂ ಮರುಮಾತಿಲ್ಲದೆ ಮರಣದಂಡನೆಯ ಪತ್ರಕ್ಕೆ ಮುದ್ರೆಯೊತ್ತಿ ಮನೆಗೆ ಹೋಗಿದ್ದರು.

ಆ ರಾತ್ರಿ ಊಟವಾದ ಮೇಲೆ ಸೊಸೆ ಬಂದು, "ಮಾವಯ್ಯಾ, ದೀಪ ದೊಡ್ಡದು ಮಾಡಲೇ?" ಎಂದಳು. ಮನೆಮನೆಯ ಮಾತು ಅದು. ಆರಿಸು ಎಂದರೆ ಅಶುಭವೆಂದು, ಆರಿಸುವುದಕ್ಕೇ ಹಾಗೆನ್ನುತ್ತಾರೆ. ತಿಪ್ಪರಸರಿಗೆ ಬೊಮ್ಮಣ್ಣನ ಆಜ್ಞೆ ನೆನಪಾಯಿತು. ಅರಮನೆಯ ಕರಣಿಕರ ಲೇಖನಿಗೆ ಸಿಕ್ಕ ಹಳ್ಳಿಯ ಮಾತು ಸಂಸ್ಕೃತವಾಗದೆ ಹೊರಬಂದದ್ದುಂಟೇ?

ಬೆಳಗಾಗುತ್ತಲೇ ಅವರು ಸಭೆಯಲ್ಲಿ ಅರಸರ ಮುಂದೆ ನಿಂತಿದ್ದರು.

"ಮಹಾಪ್ರಭು, ನಾಯಕನನ್ನು ಒಂದು ಮಾತು ಕೇಳಲು ಅಪ್ಪಣೆಯಾಗಬೇಕು."

"ತಪ್ಪೊಪ್ಪಿಕೊಂಡವನನ್ನು ಇನ್ನೇನು ಕೇಳುವಿರಿ, ಪ್ರಧಾನರೇ? ನಿಮ್ಮ ಪ್ರಶ್ನೆಗಳು ನಮಗೆ ಸಾಕಾಗಿವೆ."

"ನನಗೂ ಸಾಕಾಗಿವೆ, ಪ್ರಭು. ಆದರೂ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ ಹಿರಿಯರು."

ಅರಸರು ಬೇಸರದಿಂದಲೇ ತಲೆಯಾಡಿಸಿದರು. ತಿಪ್ಪರಸರು, ಕೈಗೆ ಹಗ್ಗ ಬಿಗಿದು ಕರೆತಂದಿದ್ದ ಬೊಮ್ಮಣ್ಣನತ್ತ ತಿರುಗಿದರು. "ನೀನು ಆಡಿದ ಮಾತನ್ನು ಆಡಿದ ಹಾಗೆಯೇ ಹೇಳು, ನಾಯಕ. ಆಮೇಲೆ ದೀಪ ಏನಾಯಿತು, ಅದನ್ನೂ ಹೇಳು."

"'ದೀಪ ದೊಡ್ಡದು ಮಾಡ್ರಪ್ಪಾ' ಅಂದೆ, ಬುದ್ಧಿ. ಮಾಡಿದರು. ಕತ್ತಲಾಯಿತು. ವೈರಿಗೆ ಬಾಗಿಲು ಕಾಣಬಾರದಿತ್ತು. ಆದರೆ ನೂರು ವರ್ಷ ಉರಿದ ತಾಯಿಯ ದೀಪ ಅದು. ಆ ಪಾಪಕ್ಕೇ ತಲೆ ಕೇಳುತ್ತಿದ್ದೀರಿ ಅಂದುಕೊಂಡು ಒಪ್ಪಿಕೊಂಡೆ."

"ದೊಡ್ಡದು ಮಾಡು ಎಂಬುದನ್ನು ವರ್ಧಿಸು ಎಂದು ಬರೆಸಿದವರು ಯಾರು?" ಎಂದು ಅರಸರು ಕೇಳಿದರು. ಕರಣಿಕ ಚೆಂದುಗಿದೇವನನ್ನು ನೋಡಿದ. ಚೆಂದುಗಿದೇವ ನೆಲ ನೋಡಿದ. ಕಾವಲಿನವರು ಬೊಮ್ಮಣ್ಣನ ಕೈಯ ಹಗ್ಗ ಬಿಚ್ಚಿ ಚೆಂದುಗಿದೇವನಿಗೆ ಕಟ್ಟಿದರು.

"ಒಬ್ಬ ನಿಷ್ಠಾವಂತನನ್ನು ಉಳಿಸಿದಿರಿ. ಏನು ಬೇಕು, ಕೇಳಿ" ಎಂದರು ಅರಸರು.

ತಿಪ್ಪರಸರು ರಾಜಮುದ್ರೆಯನ್ನು ಮುಂದೆ ಹಿಡಿದರು. "ಇದನ್ನು ಹಿಂದಕ್ಕೆ ಪಡೆಯಬೇಕು, ಪ್ರಭು. ಸುಳ್ಳು ಬರೆಸಿದ್ದು ಚೆಂದುಗಿದೇವ, ನಿಜ. ಆದರೆ ಕೇಳಬೇಕಾಗಿದ್ದವನು ನಾನು. ನಿನ್ನೆ ನನಗೆ ದಣಿವಾಗಿತ್ತು, ಕೇಳಲಿಲ್ಲ."

ಅರಸರು ಬಹಳ ಹೊತ್ತು ಕೈ ಚಾಚಲಿಲ್ಲ. ಕೊನೆಗೆ ಚಾಚಿದರು.