ಚಂದಲೆಯ ಗೊರವಂಕಗಳು

ಬಹಳ ಹಿಂದೆ, ಏಳು ಬೆಟ್ಟಗಳಾಚೆಯ ಮಿಣುಕುಪುರದಲ್ಲಿ ಚಂದಲೆ ಎಂಬ ಕಂಬಳಿ ನೇಯುವವಳಿದ್ದಳು. ಅವಳ ಗಂಡ ಧೂಮಕೇಶಿ ಮಾಟಗಾರ. ಹಾಸಿಗೆಯಲ್ಲಿ ಅವಳು 'ಬೇಡ' ಎಂದಾಗಲೆಲ್ಲ ಅವನು ಚಿಟಿಕೆ ಹೊಡೆಯುತ್ತಿದ್ದ. ಆ ಮಾತು ಮೂಕ ಗೊರವಂಕ ಹಕ್ಕಿಯಾಗಿ ಪಂಜರ ಸೇರುತ್ತಿತ್ತು. ಅವನು ತನ್ನ ಹಟವನ್ನೇ ಸಾಧಿಸುತ್ತಿದ್ದ. ಮೂರು ವರ್ಷಕ್ಕೆ ಪಂಜರ ತುಂಬಿತು. ಚಂದಲೆಗೆ ತನ್ನ ಮೈಯೇ ಬೇರೆ ಯಾರದೋ ಅನ್ನಿಸತೊಡಗಿತು.

ಒಂದು ಬೆಳಿಗ್ಗೆ ಅವಳು ಪಂಜರ ಹೊತ್ತು ಅರಮನೆಗೆ ನಡೆದಳು. ತಪ್ಪು ಮಾಡಿದವರ ತಲೆ ತೆಗೆಯುವ ಕತ್ತಿಯ ಬಾಗಿಲಲ್ಲಿ ಕಾವಲಿನ ಹುಲಿ ಅವಳ ದೂರು ಕೇಳಿ ಆಕಳಿಸಿತು. "ಗಾಯ ಎಲ್ಲಿ? ಮಾಡಿದವನು ಗಂಡ ತಾನೆ? ಇಲ್ಲಿ ಕತ್ತಿ ಏಳೋದಿಲ್ಲ, ಮನೆಗೆ ಹೋಗು."

ಆ ಊರಲ್ಲಿ ನ್ಯಾಯಕ್ಕೆ ಅದೊಂದೇ ಬಾಗಿಲು ಅಂತ ಎಲ್ಲರೂ ತಿಳಿದಿದ್ದರು. ಎಷ್ಟೋ ಹೆಂಗಸರು ಅಲ್ಲಿಂದಲೇ ಹಿಂದಿರುಗಿದ್ದರು. ಚಂದಲೆಯೂ ಅಳುತ್ತ ತಿರುಗಿದಳು. ಅಂಗಳ ಗುಡಿಸುತ್ತಿದ್ದ ದುಗ್ಗವ್ವ ಅವಳ ಕೈ ಹಿಡಿದಳು.

"ಹಿಂದೆ ಗೆರೆಯ ಬಾಗಿಲು ಐತಿ, ಮಗಳೇ. ಅಲ್ಲಿ ಯಾರ ತಲೇನೂ ತೆಗೆಯಲ್ಲ. ನಿನಗೇನು ಬೇಕು ಅಂತ ಕೇಳ್ತಾರೆ."

ಅಲ್ಲಿ ಕೊಳದ ದಡದಲ್ಲಿ ಮುದಿ ಆಮೆಯೊಂದು ನ್ಯಾಯಕ್ಕೆ ಕೂತಿತ್ತು. ಅದು ಧೂಮಕೇಶಿಯನ್ನು ಕರೆಸಿತು.

"ಇವಳು ಬೇಡ ಅಂದಿದ್ದಳೇ?"

ಅವನು ನಕ್ಕ. "ಅಂದಳು. ತಾಳಿ ಕಟ್ಟಿದವನು ಅದನ್ನೆಲ್ಲ ಕೇಳಬೇಕೇ?"

ಮಾಟಗಾರ ತಾನೇ ಒಪ್ಪಿಕೊಂಡರೆ ಅವನ ಮಾಟ ಮುರಿಯುತ್ತದೆ. ಪಂಜರ ತೆರೆಯಿತು. ನೂರಾರು ಗೊರವಂಕಗಳು 'ಬೇಡ, ಬೇಡ' ಎನ್ನುತ್ತ ಹಾರಿದವು. ಧೂಮಕೇಶಿಯ ಮುಖ ಸಪ್ಪಗಾಯಿತು.

"ಮೂರು ಕೇಳು ತಾಯಿ," ಎಂದಿತು ಆಮೆ.

"ಮನೆಯಲ್ಲಿ ನಾನಿರುತ್ತೇನೆ. ಇವರು ಹೊರಗೆ ಹೋಗಲಿ."

"ಆಗಲಿ. ಎರಡನೆಯದು?"

"ಇವರು ನನ್ನ ಹತ್ತಿರ ಸುಳಿಯಬಾರದು."

"ಆಗಲಿ. ಮೂರನೆಯದು?"

ಚಂದಲೆ ಉಸಿರೆಳೆದುಕೊಂಡಳು. "ನನ್ನ ಔಷಧಿಯ ಖರ್ಚು, ಮಗ್ಗ ನಿಂತ ದಿನಗಳ ಕೂಲಿ, ಎರಡನ್ನೂ ಅವನೇ ಕೊಡಬೇಕು."

ಗಂಡನನ್ನು 'ಅವನು' ಅಂದದ್ದು ಅದೇ ಮೊದಲು. ಅವಳಿಗೇ ಆಶ್ಚರ್ಯವಾಯಿತು.

"ಆಗಲಿ," ಎಂದು ಆಮೆ ಕೊಳದ ಸುಣ್ಣ ಕೊಟ್ಟಿತು. "ಹೊಸಿಲಲ್ಲಿ ಗೆರೆ ಎಳೆ. ಇವನು ಅದನ್ನು ದಾಟಿದರೆ ಕತ್ತಿಯ ಬಾಗಿಲು ತಾನಾಗಿ ತೆರೆಯುತ್ತದೆ."

ಸಂಜೆ ಧೂಮಕೇಶಿ ಗೆರೆಯಾಚೆ ನಿಂತು, "ಒಳಗೆ ಬರಲಾ?" ಎಂದು ಕೇಳಿದ.

"ಬೇಡ," ಎಂದಳು ಚಂದಲೆ.

ಅವನು ಚಿಟಿಕೆ ಹೊಡೆದ, ಮತ್ತೆ ಹೊಡೆದ. ಯಾವ ಹಕ್ಕಿಯೂ ಹುಟ್ಟಲಿಲ್ಲ. ಆ ಮಾತು ಬೀದಿಗೆಲ್ಲ ಕೇಳಿಸಿತು. ಅವನು ಕೊಡಬೇಕಾದ ಹಣವನ್ನು ಗೆರೆಯಾಚೆಯೇ ಇಟ್ಟು, ಏಳು ಬೆಟ್ಟ ದಾಟಿ ಹೋದ. ದುಗ್ಗವ್ವ ಉಳಿದ ಹೆಂಗಸರಿಗೆಲ್ಲ ಹಿಂಬಾಗಿಲು ತೋರಿಸಿದಳು, ಊರು ಸುಖವಾಗಿತ್ತು. ಅವನು ಹೋದ ಆ ರಾತ್ರಿಯೇ ಚಂದಲೆ ಕಾಲು ಚಾಚಿ, ಮೈತುಂಬ ನಿದ್ದೆ ಮಾಡಿದಳು.